ಹೂಂ ಅನ್ನುವ ಪೇಟಿ

ಮೊದಲು ಸೀನಿದವನು ಹೊಳಿಯಪ್ಪಜ್ಜ.

ಐರಣಿಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿಯ ಪ್ಯಾಟಿಗೆ ಬಂದಿದ್ದ ಅವನು, ವ್ಯಾಪಾರ ಮುಗಿಸಿ, ಅಕ್ಕ ಫಕ್ಕೀರವ್ವನ ಮನೆಯಲ್ಲಿ ನಾಲ್ಕು ತುತ್ತು ಉಂಡು ಹೋದರಾಯಿತೆಂದು ಬಂದಿದ್ದ. ಕೈ ತೊಳೆದು ಬರುವಾಗ ಪಡಸಾಲೆಯ ಮೂಲೆಯಲ್ಲಿ ಹಳೇ ಸೀರೆ ಹೊದ್ದು ಕೂತಿದ್ದ ಹಾರ್ಮೋನಿಯಂ ಕಣ್ಣಿಗೆ ಬಿತ್ತು. ಆ ಕಡೆಯವರೆಲ್ಲ ಅದಕ್ಕೆ ಪೇಟಿ ಅನ್ನುತ್ತಾರೆ. "ಎಲಾ! ನಮ್ಮ ಮಾವನ ಪೇಟಿ!" ಎಂದು ಹಿಗ್ಗಿ ಸೀರೆ ಸರಿಸಿದ. ಮಾವ ಎಂದರೆ ಫಕ್ಕೀರವ್ವನ ಗಂಡ, ತೀರಿಹೋದ ನಾಗಪ್ಪ. ಹೊಳಿಯಪ್ಪಜ್ಜ ಎಡಗೈಯಿಂದ ಗಾಳಿಯ ತಿದಿಯನ್ನು ಜಗ್ಗಿ ಒತ್ತಿದ್ದೇ ತಡ, ಸ್ವರ ಬರುವುದಕ್ಕಿಂತ ಮುಂಚೆ ಕೆಂಪನೆಯ ಮೋಡವೊಂದು ಹೊರಗೆ ಬಂತು.

"ಆ... ಆ... ಆಕ್ಷೀ!"

ಮೆಣಸಿನಕಾಯಿ ಹಂಗಾಮಿನಲ್ಲಿ ಬ್ಯಾಡಗಿಯ ಗಾಳಿಗೂ ಖಾರ ಇರುತ್ತದೆ. ಮುಚ್ಚಿದ ಕಿಟಕಿಯ ಸಂದಿಯಿಂದಲೂ ಅದು ಒಳಗೆ ನುಸುಳಿ, ಯಾರೂ ಮುಟ್ಟದ ಸಾಮಾನು ಹುಡುಕಿ ಮಲಗುತ್ತದೆ. ಪೇಟಿಯ ಹೊಟ್ಟೆಯಲ್ಲಿ ಅದು ಹಾಯಾಗಿ ಮಲಗಿತ್ತು. ಈಗ ಎದ್ದಿತು. ಅಂಗಡಿಗೆ ಹೊರಟು ನಿಂತಿದ್ದ ಫಕ್ಕೀರವ್ವನ ಮಗ ಶಶಿಕಾಂತ ಬಾಗಿಲಲ್ಲೇ ಸೀನಿದ. ಅಡುಗೆಮನೆಯಲ್ಲಿ ಅವನ ಹೆಂಡತಿ ಸುಧಾರಾಣಿ ಸೀನಿ, ರೊಟ್ಟಿ ಬಡಿಯುವ ತಾಳ ತಪ್ಪಿಸಿದಳು. ಫಕ್ಕೀರವ್ವ ಸೆರಗು ಮುಚ್ಚಿಕೊಂಡು ಸೀನಿದಳು. ಇವರ ನಡುವೆ ನಿಂತ ಶಶಿಕಾಂತನ ಮಗಳು ಗಂಗಾಳಿಗೆ ಮಾತ್ರ, ಸೀನು ಬರುವ ಮೊದಲ ಒಂದು ಗಳಿಗೆ, ಸೀನಿದ್ದು ಪೇಟಿಯೇ ಎನಿಸಿತು. ಬಹಳ ದಿನ ಮೂಲೆಯಲ್ಲಿ ನಿಂತು ನೆಗಡಿಯಾದ ಆನೆಮರಿಯ ಹಾಗೆ.

ಹೊಳಿಯಪ್ಪಜ್ಜ ಮೂಗು ಒರೆಸಿಕೊಂಡು ಮೊಮ್ಮಗಳ ಕಡೆ ತಿರುಗಿದ. "ಗಂಗವ್ವಾ, ಇದು ಬಾಯಿ ಬಿಟ್ಟು ಎಷ್ಟು ದಿವಸ ಆತು?"

ಗಂಗಾ ತನ್ನ ಕಾಲ್ಬೆರಳು ನೋಡಿಕೊಂಡಳು. ಉತ್ತರ ಕೊಟ್ಟವನು ಅವಳ ಅಪ್ಪ. "ಐತವಾರಕ್ಕೊಮ್ಮೆ ರಾಣೆಬೆನ್ನೂರಿಗೆ ಹೋಗಿ ಗೌಸ್ ಮಾಸ್ತರ ಹತ್ರ ಕಲ್ತು ಬರ್ತಾಳ್ರಿ ಮಾವಾ. ಮನ್ಯಾಗ ಕುಂತು ನುಡಸು ಅಂದ್ರ ಒಂದಿವಸ ಹೊಟ್ಟಿನೋವು, ಒಂದಿವಸ ಹೋಂವರ್ಕು."

"ಅಂದ್ರ ಒಂದಿವಸ ಉಂಡು ವಾರಪೂರ್ತಿ ಉಪಾಸ! ಪಾಪ, ಪೇಟಿ ಸೊರಗಿ ಹೋಗೇತಿ. ಶಶೀ, ನಮ್ಮೂರ ಭಜನಿ ಪೇಟಿ ತಿದಿ ಹರದು ಕುಂತೈತಿ. ಇದನ್ನ ಕೊಡು. ದಿನಾ ಸಂಜಿಕ ನುಡಸ್ತೇವಿ."

ಶಶಿಕಾಂತ ತನ್ನ ತಾಯಿಯ ಮುಖ ನೋಡಿದ, ಮಗಳ ಮುಖ ನೋಡಿದ, ಕೆಂಪು ಧೂಳು ಕೂತ ನೆಲ ನೋಡಿದ. "ಹುಣ್ಣಿಮಿಗೆ ಬರ್ರಿ. ಅಲ್ಲೀತನಕ ಈಕಿ ದಿನಾ ಕುಂತು ನುಡಿಸಿದ್ಲಂದ್ರ ಪೇಟಿ ಇಲ್ಲೇ. ಇಲ್ಲಾಂದ್ರ ನಿಮ್ದು."

"ಬರ್ತೇನಿ. ಬರೋವಾಗ ಕಂಬಳಿ ತರ್ತೇನಿ, ಸುತ್ತಿಕೊಂಡು ಒಯ್ಯಾಕ."

ಕಂಬಳಿ! ಆ ಒಂದು ಮಾತು ಗಂಗಾಳ ಎದೆಯಲ್ಲಿ ಕಡಲೆಕಾಳಿನ ಹಾಗೆ ಸಿಕ್ಕಿಕೊಂಡಿತು. ಪೇಟಿಯನ್ನು ಯಾರೋ ಕಂಬಳಿಯಲ್ಲಿ ಸುತ್ತಿ, ಉಸಿರು ಕಟ್ಟಿಸಿ, ಬಸ್ಸಿನ ಸೀಟಿನ ಕೆಳಗೆ ನೂಕಿದಂತೆ ಕಣ್ಣಿಗೆ ಕಟ್ಟಿತು.

ಪೇಟಿಯ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದಲ್ಲ. ಅದರ ಬಿಳಿ ಕರಿ ಪಟ್ಟಿಗಳ ಮೇಲೆ ಕೆನ್ನೆಯಿಟ್ಟು ಮಲಗುವಷ್ಟು ಪ್ರೀತಿ ಇತ್ತು. ಬೇಸರವೆಲ್ಲ ಪಲ್ಟಾ ಎಂಬ ಸ್ವರಪಾಠದ ಮೇಲೆ. ಸಾರೇಗ, ರೇಗಮ, ಗಮಪ ಎಂದು ಹತ್ತು, ಹತ್ತಿದ ಹಾಗೇ ಇಳಿ. ಮೇಲೆ ಕೋಣೆಯೇ ಇಲ್ಲದ ಮೆಟ್ಟಿಲು ಅದು. ಹತ್ತಿ ಏನು ಮಾಡುವುದು?

ಅಂದು ಸಂಜೆ ದೀಪ ಹಚ್ಚಿದ ಮೇಲೆ ಫಕ್ಕೀರವ್ವ ಎಂದಿನಂತೆ ಗೋಡೆಗೆ ಒರಗಿ ಕೂತಳು. ಆ ಮನೆಯಲ್ಲಿ ಅಜ್ಜಿಗೆ ಅಮ್ಮ ಎನ್ನುತ್ತಾರೆ, ತಾಯಿಗೆ ಅವ್ವ. ಈ ಅಮ್ಮನ ಕತೆಗಳಿಗೆ ಎರಡು ಕಟ್ಟಳೆ ಇದ್ದವು. ಹಗಲಲ್ಲಿ ಕತೆ ಹೇಳಬಾರದು, ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ. ಇನ್ನೊಂದು, ಕೇಳುವವರು ಮಾತುಮಾತಿಗೆ ಹೂಂ ಅನ್ನಬೇಕು. ಹೂಂ ನಿಂತರೆ ಕತೆ ನಿಂತಿತು. ರಾಜನಿರಲಿ ರಾಕ್ಷಸನಿರಲಿ, ಎತ್ತಿದ ಕಾಲು ಎತ್ತಿದ ಹಾಗೇ ನಿಲ್ಲಬೇಕು.

"ಹೊಳಿಗೊಂದು ದಂಡಿ, ದಂಡಿಗೊಂದು ಊರು, ಊರಿಗೊಬ್ಬ ರಾಜಾ, ರಾಜಾಗ ಒಬ್ಬಾಕಿ ಮಗಳು..."

ಗಂಗಾ ಹೂಂ ಅನ್ನಲಿಲ್ಲ.

"ರಾಜಾಗ ಒಬ್ಬಾಕಿ ಮಗಳೂ..."

"ನನಗ ಹೂಂ ಅನ್ನಾಕ ಮನಸಿಲ್ಲ, ಅಮ್ಮಾ."

ಫಕ್ಕೀರವ್ವ ಮೊಮ್ಮಗಳನ್ನು ಒಂದು ಕ್ಷಣ ನೋಡಿದಳು. ಆಮೇಲೆ ಮೂಲೆಯನ್ನು ನೋಡಿದಳು. ಅವಳ ಕಣ್ಣಲ್ಲಿ ಏನೋ ಹೊಳೆಯಿತು. "ಬಿಡು, ನೀ ಅನಬ್ಯಾಡ. ಪೇಟಿ ಅನ್ಲಿ."

"ಪೇಟಿ ಹೆಂಗ ಹೂಂ ಅಂತೈತಿ?"

"ನನಗೇನ್ ಗೊತ್ತು? ನೀನಽ ಕಲಿಯಾಕ ಹೋಗೂದು, ನಾನೇನ್ ಹೋಗೂದು?"

ಗಂಗಾ ಪೇಟಿಯನ್ನು ಎಳೆದುಕೊಂಡಳು. ಒಂದು ಸೀನು ಸೀನಿ, ತಿದಿ ಒತ್ತಿ, 'ಸಾ' ಹಿಡಿದಳು. ಉದ್ದನೆಯ, ಗುಂಡನೆಯ ಸ್ವರ ಪಡಸಾಲೆ ತುಂಬಿತು. ಅಯ್ಯೋ, ಖರೇ ಹೂಂ! ಬಾಯಿ ಮುಚ್ಚಿಕೊಂಡು ಯಾರೋ ದೊಡ್ಡವರು ಗಂಭೀರವಾಗಿ ಹೂಂ ಎಂದ ಹಾಗೇ ಇತ್ತು. ಗಂಗಾ ಕಿಲಕಿಲ ನಕ್ಕಳು.

"ಹಾಂ, ಆ ಮಗಳು ಹಿಂಗಽ ನಗತಿದ್ಲು ನೋಡು," ಎಂದು ಅಜ್ಜಿ ತಟ್ಟನೆ ಕತೆಯೊಳಗೆ ಎಳೆದುಕೊಂಡಳು. "ಒಂದಿವಸ ಹೊಳಿಗೆ ಬಗ್ಗಿ ನಗೋವಾಗ ಆ ನಗು ಜಾರಿ ನೀರಾಗ ಬಿತ್ತು."

ನಗು ಬೀಳುವುದಕ್ಕೆ ಬರೀ 'ಸಾ' ಸಾಲದು. ಗಂಗಾಳ ಬೆರಳು ಮೇಲಿನ ಸಾದಿಂದ ನಿ, ಧ, ಪ ಎಂದು ಚೆಲ್ಲಿಕೊಂಡು ಇಳಿಯಿತು.

"ಒಂದು ಮೀನು ಗಬಕ್ಕನ ನುಂಗಿಬಿಡ್ತು!"

ಕೆಳಗಿನ ಒಂದು ಪಟ್ಟಿ ಗಬಕ್ಕೆಂದಿತು. ಅಡುಗೆಮನೆಯಿಂದ ಸುಧಾರಾಣಿ ಹಿಟ್ಟಿನ ಕೈಯಲ್ಲೇ ಇಣುಕಿ ನೋಡಿದಳು.

ಹೀಗೆ ಶುರುವಾಯಿತು. ರಾಜ ಬಂದರೆ ಸಾ, ರಾಣಿ ಬಂದರೆ ಪ, ಬಾಗಿಲು ತೆರೆದರೆ ಎರಡೂ ಕೂಡಿ. ಮಗಳ ನಗು ಹುಡುಕಲು ರಾಜ ಕುದುರೆ ಕಳಿಸಿದ. ಈಗ ಕುದುರೆ ಓಡಬೇಕಲ್ಲ! ಮರುದಿನ ಬೆಳಿಗ್ಗೆ ಫಕ್ಕೀರವ್ವ ಸೊಸೆಯ ಕೈಯಿಂದ ಫೋನು ಹಚ್ಚಿಸಿ, ರಾಣೆಬೆನ್ನೂರಿನ ಮಹಮ್ಮದಗೌಸ ಮಾಸ್ತರರನ್ನು ಹಿಡಿದಳು.

"ಮಾಸ್ತರ, ನಾನ್ರೀ, ಬ್ಯಾಡಗಿ ಗಂಗಾನ ಅಮ್ಮ. ಕುದರಿ ಓಡಾಕ ಏನು ನುಡಸ್ಬೇಕ್ರಿ?"

"ಯಾವ ಕುದರೀರಿ, ಅಮ್ಮಾರ?"

"ರಾಜಾನ ಕುದರೀರಿ."

ಮಾಸ್ತರರಿಗೆ ವಿಷಯ ತಿಳಿಯಲು ಕೊಂಚ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವರು ನಕ್ಕ ನಗು ಫೋನಿನಿಂದ ಹೊರಗೆ ಕೇಳಿಸಿತು. "ನಾ ಕೊಟ್ಟ ಪಲ್ಟಾ ಐತೆಲ್ರಿ, ಸಾರೇಗ ರೇಗಮ, ಅದಽ ಕುದರಿ. ಖರೆ ಅವಸರ ಮಾಡಬ್ಯಾಡ್ರಿ. ಮೊದಲ ನಡೀಲಿ, ಆಮ್ಯಾಲೆ ಓಡ್ಲಿ."

"ಮತ್ತ ಹಾವಿಗೇನ್ರೀ? ಮುಂದ ಒಂದು ಹಾವು ಬರ್ತೈತಿ."

"ಹಾವಿನಂಗ ಜಾರೂದು ಪೇಟ್ಯಾಗ ಬರೂದಿಲ್ರಿ ಅಮ್ಮಾರ. ಅದು ಸಾರಂಗಿ ಕೆಲಸ. ಪೇಟಿ ಸ್ವರ ಅಂದ್ರ ಮೆಟ್ಟಲಾ ಇದ್ದಂಗ."

"ಹಂಗಾದ್ರ ನಮ್ಮ ಹಾವು ಮೆಟ್ಟಲಾ ಇಳದು ಹೋಗ್ತೈತಿ ಬಿಡ್ರಿ," ಎಂದು ಫಕ್ಕೀರವ್ವ ಸೊಸೆಗೆ ಫೋನು ಕೊಟ್ಟಳು.

ಆದರೆ ಹಾವಿನ ತನಕ ಕತೆ ಹೋಗಬೇಕಲ್ಲ! ಕುದುರೆಯೇ ಕುಂಟಿತು.

ಸಾ, ರೇ, ಗ ಸರಾಗ ಬರುತ್ತಿತ್ತು. ಗ ಮುಗಿದು ಮ ಹಿಡಿಯುವಾಗ ಹೆಬ್ಬೆರಳು ಮಿಕ್ಕ ಬೆರಳುಗಳ ಕೆಳಗಿನಿಂದ ನುಸುಳಬೇಕು. ಗಂಗಾಳ ಹೆಬ್ಬೆರಳು ಅಲ್ಲಿ ಪ್ರತಿ ಸಲ ಎಡವುತ್ತಿತ್ತು. ಸಾರೇಗ... ರೇಗ... ಮ. ಸಂಜೆ ಅಜ್ಜಿ ಕಿವಿಗೊಟ್ಟು ಕೇಳಿ ತಲೆ ಅಲ್ಲಾಡಿಸಿದಳು.

"ಕುದರಿ ಕುಂಟಾಕತ್ತೈತಿ. ಇಂಥಾ ಕಾಲಾಗ ಹೊಳಿ ಹೆಂಗ ದಾಟೀತು? ಇವತ್ತು ದಂಡಿಮ್ಯಾಲೆ ನಿಂದ್ರಲಿ."

"ಅಮ್ಮಾ! ಮುಂದ ಹೇಳು!"

"ಕುಂಟು ಕುದರೀನ ನೀರಿಗೆ ಇಳಿಸಿ ಕೊಲ್ಲಾಕ ಹೇಳ್ತೀಯೇನ? ನಾ ಒಲ್ಲೆ ನಮ್ಮವ್ವಾ."

ಮರುಸಂಜೆಯೂ ಕುದುರೆ ದಂಡೆಯಲ್ಲೇ ನಿಂತಿತು. ಅದರ ಮರುಸಂಜೆಯೂ. ಗಂಗಾಳಿಗೆ ತಡೆಯಲಾಗಲಿಲ್ಲ. ಹಗಲಲ್ಲಿ ಕತೆ ಹೇಳಬಾರದು, ಸರಿ. ಕುದುರೆಯ ಕಾಲು ನೋಡಬಾರದೆಂದು ಯಾರು ಹೇಳಿದ್ದಾರೆ? ಬೆಳಿಗ್ಗೆ ಶಾಲೆಯ ಚೀಲ ಏರಿಸುವ ಮೊದಲೇ ಅವಳು ಪೇಟಿಯ ಮುಂದೆ ಕೂರತೊಡಗಿದಳು. ಮಾಸ್ತರರು ಹೇಳಿದಂತೆ ಕುದುರೆಯನ್ನು ನಡೆಸಿಕೊಂಡು ಹೋದಳು. ಗ. ಹೆಬ್ಬೆರಳು ಕೆಳಗೆ. ಮ. ಹಿಂದಕ್ಕೆ. ಮತ್ತೆ ಗ. ಮತ್ತೆ ಹೆಬ್ಬೆರಳು ಕೆಳಗೆ. ಕಣ್ಣು ಮುಚ್ಚಿದರೆ ಹೊಳೆಯ ಮರಳು ಕಾಣುತ್ತಿತ್ತು, ಕುದುರೆಯ ಬಿಸಿಯುಸಿರು ಕೈಗೆ ತಾಗುತ್ತಿತ್ತು.

ಆ ಮನೆಯಲ್ಲಿ ಈಗ ರಿಯಾಜು, ಅಭ್ಯಾಸ ಎನ್ನುವ ಮಾತೇ ಇಲ್ಲ. ಸುಧಾರಾಣಿ ಚಹಾ ಸೋಸುತ್ತ, "ಕುದರಿಗೆ ಮೇವು ಹಾಕಿದೇನವ್ವಾ?" ಎಂದು ಕೇಳುತ್ತಿದ್ದಳು. ಶಶಿಕಾಂತ ಅಂಗಡಿಯಿಂದ ಫೋನು ಮಾಡಿ ಮೊದಲು ಕೇಳುವುದೇ, "ದಾಟಿತೇನು?"

"ಇನ್ನೂ ಇಲ್ರಿ. ಒಂದೀಟು ಕಾಲು ಎಳದು ಹಾಕತೈತಿ."

"ಗಂಗವ್ವಗ ಹೇಳು, ಅವಸರ ಬ್ಯಾಡ."

ಅಂಗಡಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಚೌಡವ್ವ, ಈ ಫೋನಿನ ಮಾತು ಕೇಳಿ ಇದೇನೋ ಎತ್ತಿನ ಕಾಲುನೋವು ಎಂದುಕೊಂಡು, ಬೇವಿನೆಣ್ಣೆ ಹಚ್ಚಿ ತಿಕ್ಕಿರಿ ಎಂದು ಸಾಹುಕಾರರಿಗೆ ಹೇಳಿದಳು. ಶಶಿಕಾಂತ ಆ ದಿನ ನಗುತ್ತಲೇ ಊಟಕ್ಕೆ ಬಂದ.

ಇನ್ನೊಂದು ಸಂಗತಿ ಯಾರ ಗಮನಕ್ಕೂ ಬಾರದೆ ನಡೆದುಹೋಗಿತ್ತು. ಈಗ ಪೇಟಿ ತೆರೆದರೆ ಯಾರೂ ಸೀನುತ್ತಿರಲಿಲ್ಲ. ಮೊದಮೊದಲು ಬರುತ್ತಿದ್ದ ಕೆಂಪು ಮೋಡ ದಿನದಿನಕ್ಕೆ ತೆಳುವಾಗಿ, ಕಡೆಗೆ ಮಾಯವಾಗಿತ್ತು. ದಿನಾ ಉಸಿರಾಡುವ ಹೊಟ್ಟೆಯಲ್ಲಿ ಧೂಳಿಗೆ ಮಲಗಲು ಜಾಗವೆಲ್ಲಿ?

ಕುದುರೆ ಓಡತೊಡಗಿತು. ದಂಡೆಗುಂಟ ಹಿಂದೆ ಮುಂದೆ, ಕುಂಟಿಲ್ಲದೆ. ಆದರೆ ಹೊಳೆ ದಾಟುವುದೆಂದರೆ ಒಂದೇ ಉಸಿರಿಗೆ ಕೆಳಗಿನ ಸಾದಿಂದ ಮೇಲಿನ ಸಾದ ತನಕ, ನಡುವೆ ನಿಲ್ಲದೆ ಹೋಗಬೇಕು. "ನಡುಹೊಳ್ಯಾಗ ನಿಂತ್ರ ಸೆಳವಿಗೆ ಸಿಗತೈತಿ," ಎಂದು ಅಜ್ಜಿ ಹೆದರಿಸಿದ್ದಳು. ಒಮ್ಮೆಯೂ ಪೂರ್ತಿ ದಾಟದೆ ಹುಣ್ಣಿಮೆ ಬಂದೇಬಿಟ್ಟಿತು.

ಅದರ ಹಿಂದಿನ ದಿನವೇ ಮನೆಗೆ ವರ್ಷದ ಖಾರಪುಡಿ ಮಾಡಿಸಿದ್ದರು. ಅದರ ಘಾಟು ಹತ್ತಿ ಫಕ್ಕೀರವ್ವನ ಗಂಟಲು ಕಟ್ಟಿಹೋಯಿತು. ಬೆಳಿಗ್ಗೆ ಎದ್ದರೆ ದನಿಯೇ ಇಲ್ಲ. ಬಾಯಿ ಆಡುತ್ತದೆ, ಗಾಳಿ ಬರುತ್ತದೆ, ಮಾತಿಲ್ಲ. ಗಂಗಾ ಕಂಗಾಲಾದಳು. ಅಮ್ಮ ಕತೆ ಹೇಳದಿದ್ದರೆ ತಾನು ಯಾವುದಕ್ಕೆ ಹೂಂ ಅನ್ನುವುದು? ಅಜ್ಜ ಬರುವುದು ಹಗಲಿಗೆ ಬೇರೆ.

ಹಗಲಿಗೆ! ಅವಳ ತಲೆಯಲ್ಲಿ ದೀಪ ಹೊತ್ತಿತು. ಅಪ್ಪನ ಸೋದರಮಾವ ಯಾರು? ಹೊಳಿಯಪ್ಪಜ್ಜನೇ! ಹಿತ್ತಲಿಗೆ ಓಡಿ, ತುಳಸಿಕಟ್ಟೆಯ ಮೇಲಿದ್ದ ಕಾಗೆಯನ್ನು ಎದುರಿಗೆ ಇಟ್ಟುಕೊಂಡು, ಸೂರ್ಯ ನೆತ್ತಿಗೇರುವ ಹೊತ್ತಿಗೆ ಗಟ್ಟಿಯಾಗಿ ಶುರುಮಾಡಿದಳು. "ಹೊಳಿಗೊಂದು ದಂಡಿ, ದಂಡಿಗೊಂದು ಊರು..." ಕಾಗೆ ಕಾ ಅಂದಿತು. ಅದನ್ನೇ ಹೂಂ ಎಂದು ಹಿಡಿದು ಮುಂದೆ ಸಾಗಿದಳು.

ಊಟದ ಹೊತ್ತು ಮೀರಿತು. ಅಜ್ಜ ಬರಲಿಲ್ಲ. ಬಿಸಿಲು ಇಳಿಯತೊಡಗಿದಾಗ ಅಂಗಳದಲ್ಲಿ ಚಪ್ಪಲಿ ಸದ್ದಾಯಿತು.

"ಏನ್ ಹೇಳ್ಲಿ ಶಶೀ! ರಾಣೆಬೆನ್ನೂರಾಗ ತಪ್ಪು ಬಸ್ಸು ಹತ್ತಿ, ನಿದ್ದಿಗಣ್ಣಾಗ ಸೀದಾ ಹಾವೇರಿಗೇ ಹೋಗಿ ಇಳದೆ!" ಹೊಳಿಯಪ್ಪಜ್ಜನ ಹೆಗಲ ಮೇಲೆ ಕರಿ ಕಂಬಳಿ. ಕೈಯಲ್ಲಿ ಹಾವೇರಿಯ ಏಲಕ್ಕಿ ಹಾರ. "ಹೆಂಗೂ ಹೋಗೇನಿ ಅಂತ ಪೇಟಿಗೆ ಹಾರ ತಂದೆ. ನಮ್ಮೂರಿಗೆ ಮೆರಸಿಕೋತ ಒಯ್ತೇವಿ."

ಗಂಗಾಳ ಕಣ್ಣು ಬಟ್ಟಲಾದವು. ಕತೆ ಅರ್ಧ ಕೆಲಸ ಮಾಡಿತ್ತು!

ಅಜ್ಜ ನೀರು ಕುಡಿದು ಪೇಟಿಯ ಮುಂದೆ ಬಂದ. ಮೂಗಿಗೆ ಟವೆಲು ಕಟ್ಟಿಕೊಂಡು, ಮುಖ ಆ ಕಡೆ ತಿರುಗಿಸಿ, ತಿದಿ ಜಗ್ಗಿದ. ಎಲ್ಲರೂ ಉಸಿರು ಹಿಡಿದರು. ಏನೂ ಬರಲಿಲ್ಲ. ಇನ್ನೊಮ್ಮೆ ಜಗ್ಗಿದ. ಟವೆಲು ಬಿಚ್ಚಿದ.

"ಒರೆಸಿ ಇಟ್ಟೀರಿ," ಎಂದ ಸಂಶಯದಿಂದ. "ನುಡಸು ನೋಡೋಣವ್ವಾ."

ಗಂಗಾ ಕೂತಳು. ಸಾ ಹಿಡಿದಳು. ಹಿಡಿದು ಕಾದಳು. ಅಮ್ಮನ ಮಾತಿಗೆ ಕಾಯುವುದು ಬೆರಳಿಗೂ ರೂಢಿಯಾಗಿತ್ತು. ಮಾತು ಬರಲಿಲ್ಲ. "ಇಷ್ಟೇನು?" ಎಂದು ಹೊಳಿಯಪ್ಪಜ್ಜ ಕಂಬಳಿ ಕೊಡವಿದ.

ಆಗ ಗೋಡೆಯ ಹತ್ತಿರದಿಂದ ಒಂದು ಸದ್ದು ಬಂತು. ಕಟ್ಟಿದ ಗಂಟಲಿಂದ, ಬಾಯಿ ತೆರೆಯದೆಯೇ ಬರಬಲ್ಲ ಒಂದೇ ಒಂದು ಮಾತು.

"ಹೂಂ," ಅಂದಳು ಫಕ್ಕೀರವ್ವ.

ಗಂಗಾ ತಿರುಗಿ ನೋಡಿದಳು. ಅಮ್ಮನ ಕಣ್ಣು ಹೊಳೆಯುತ್ತಿತ್ತು. ಅಮ್ಮ ಹೂಂ ಅಂದರೆ... ಕತೆ ಹೇಳಬೇಕಾದವಳು ತಾನು! ಬೆರಳು ತಾನಾಗಿ ಹೊರಟಿತು. ಹೊಳಿಗೊಂದು ದಂಡಿ, ದಂಡಿಗೊಂದು ಊರು, ಊರಿಗೊಬ್ಬ ರಾಜಾ ಎಂಬ ಅಮ್ಮನ ಮಾತಿನ ಏರಿಳಿತ, ಅದೇ ತೂಗು, ಅದೇ ನಿಲುಗಡೆ, ಮಾತಿಲ್ಲದೆ ಪೇಟಿಯಲ್ಲಿ ಬಂತು.

"ಹೂಂ," ಅಂದಳು ಅಜ್ಜಿ.

ನಗು ಜಾರಿತು. ಸಾ ನಿ ಧ ಪ. ಮೀನು ಗಬಕ್ಕೆಂದಿತು.

"ಹೂಂ!" ಈ ಸಲದ ಹೂಂ ಗೋಡೆಯ ಕಡೆಯಿಂದ ಬರಲಿಲ್ಲ. ಹೊಳಿಯಪ್ಪಜ್ಜ ತನ್ನ ಬಾಯನ್ನೇ ತಾನು ಮುಟ್ಟಿಕೊಂಡು ನೋಡಿದ. "ಯಕ್ಕಾ... ಇದು ನಗು ನುಂಗಿದ ಮೀನಿನ ಕತಿ ಅಲ್ಲೇನು? ನಾ ಸಣ್ಣಾಂವಿದ್ದಾಗ ಹೊಳಿ ದಂಡಿಮ್ಯಾಲೆ ಕುಂದ್ರಿಸಿ ಹೇಳ್ತಿದ್ದೆಲ್ಲಾ?"

ಫಕ್ಕೀರವ್ವ ತಲೆಯಾಡಿಸಿ, ಸುಮ್ಮನಿರು ಎಂದು ಕೈ ಮಾಡಿದಳು. ಕುದುರೆ ಹೊರಟಿತ್ತು. ಸಾರೇಗ, ರೇಗಮ. ಮೊದಲು ನಡಿಗೆ, ಆಮೇಲೆ ಓಟ. ಹೊಳಿಯಪ್ಪಜ್ಜ ಕಂಬಳಿಯ ಮೇಲೆ ಕೂತೇಬಿಟ್ಟ. "ಹೂಂ, ಹೂಂ." ಶಶಿಕಾಂತ ಅಂಗಡಿಯ ಫೋನು ಬಂದರೂ ಎತ್ತಲಿಲ್ಲ. ಸುಧಾರಾಣಿ ಹೊಸ್ತಿಲಲ್ಲಿ ಸೆರಗು ಹಿಂಡುತ್ತ ನಿಂತಳು. ದಂಡೆ ಬಂತು. ನೀರು ಬಂತು.

ಗಂಗಾ ಕುದುರೆಯನ್ನು ಇಳಿಸಿದಳು. ಸಾರೇಗ ರೇಗಮ ಗ... ಹೆಬ್ಬೆರಳು ಎಡವಿತು.

"ಅಯ್ಯೋ!" ಎಂದ ಹೊಳಿಯಪ್ಪಜ್ಜ. "ಈ ಕುದರಿಗೆ ಕುಂಟು ಯಾವಾಗ ಬಂತು? ನಮ್ಮ ಕತ್ಯಾಗ ಇರಲಿಲ್ಲ!"

"ಅದಕ್ಕ ಮೊದಲಿಂದಽ ಇತ್ತಜ್ಜಾ," ಎಂದಳು ಗಂಗಾ, ಕೈ ನಿಲ್ಲಿಸದೆ. "ದಿನಾ ಮೇವು ಹಾಕಿ ಆರಾಮ ಮಾಡೇನಿ. ಸ್ವಲ್ಪ ತಡಿ."

ಅವಳು ಅವಸರ ಮಾಡಲಿಲ್ಲ. ಕುದುರೆಯನ್ನು ದಂಡೆಗೆ ತಂದಳು. ಸಾ ಮೇಲೆ ನಿಲ್ಲಿಸಿ ಬೆನ್ನು ಸವರಿದಳು. ತಿದಿ ತುಂಬ ಗಾಳಿ ತುಂಬಿದಳು. ಆಮೇಲೆ ಬಿಟ್ಟಳು ನೋಡಿ! ಸಾರೇಗ ರೇಗಮ ಗಮಪ. ಹೆಬ್ಬೆರಳು ಮೀನಿನಂತೆ ಕೆಳಗೆ ನುಸುಳಿತು. ಮಪಧ, ನಡುಹೊಳೆ. ಪಧನಿ, ಸೆಳವು ಎಳೆಯಿತು, ಕುದುರೆ ಎಳೆಸಿಕೊಳ್ಳಲಿಲ್ಲ. ಧನಿಸಾ! ಆಚೆ ದಂಡೆಯ ಮೇಲೆ ನಾಲ್ಕೂ ಕಾಲೂರಿ, ಮೇಲಿನ ಸಾ ಮೈ ಕೊಡವಿಕೊಂಡು ನಿಂತಿತು.

"ದಾಟಿತು!" ಎಂದು ಶಶಿಕಾಂತ ಕೂಗಿದ ಕೂಗಿಗೆ ಹಿತ್ತಲಿನ ಕಾಗೆ ಹಾರಿಹೋಯಿತು. ಸುಧಾರಾಣಿ ಕಣ್ಣೊರೆಸಿಕೊಂಡಳು. ಫಕ್ಕೀರವ್ವ ದನಿಯಿಲ್ಲದೆ ನಗುತ್ತ ನೆಲ ಬಡಿದಳು.

ಹೊಳಿಯಪ್ಪಜ್ಜ ಮಾತ್ರ ಮುಂದಕ್ಕೆ ಬಾಗಿ ಕೂತೇ ಇದ್ದ. "ಹೂಂ. ಮುಂದ?"

"ಮುಂದ ಹಾವು ಬರ್ತೈತಜ್ಜಾ, ಮೆಟ್ಟಲಾ ಇಳಕೋತ. ಆಮ್ಯಾಲೆ ಮೀನು ನಗಬೇಕು. ಅದನ್ನ ಇನ್ನೂ ಕಲ್ತಿಲ್ಲ."

"ಕಲ್ತಿಲ್ಲಂದ್ರ?"

"ದಿನಾ ಕುಂತು ಕಲೀಬೇಕು."

ಹೊಳಿಯಪ್ಪಜ್ಜ ಪೇಟಿ ನೋಡಿದ, ಅಕ್ಕನನ್ನು ನೋಡಿದ. ತಾನು ಕೂತ ಕಂಬಳಿ ನೋಡಿಕೊಂಡ. "ಕತಿ ನಡುವ ಬಿಟ್ಟು ಪೇಟಿ ಒಯ್ದು ನಾ ಏನ್ ಮಾಡ್ಲಿ?" ಎಂದು ಗೊಣಗುತ್ತ ಎದ್ದ. "ನಮ್ಮ ಪೇಟಿಗೆ ತಿದಿ ಹಚ್ಚಿಸಿದ್ರ ಆತು. ಹಾವೇರ್ಯಾಗ ಮುಸ್ತಾಕ್ ಅಂತ ಒಬ್ಬಾಂವ ಹಚ್ಚತಾನಂತ." ಏಲಕ್ಕಿ ಹಾರವನ್ನು ಪೇಟಿಗೆ ಹಾಕಿದ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಪೇಟಿಯ ಮುಂದೆ ಹಾಸಿದ. "ಇದು ಹೊಚ್ಚಾಕಲ್ಲ ಮತ್ತ. ಕುಂದ್ರಾಕ. ಕುಂತಿಲ್ಲಂದ್ರ ಕಂಬಳಿನೂ ಒಯ್ತೇನಿ, ಪೇಟಿನೂ ಒಯ್ತೇನಿ. ಅಮಾಸಿಗೆ ಬರ್ತೇನಿ, ಮೀನು ನಗಬೇಕು."

"ನಗತೈತಜ್ಜಾ!"

ಬರಿಗೈಯಲ್ಲಿ ಅಂಗಳಕ್ಕಿಳಿದವನು ತಟ್ಟನೆ ನಿಂತು ಹಿಂದಿರುಗಿ ನೋಡಿದ. "ಅಲಾ ಇವಳ! ಹಾಡಾಹಗಲ ಕತಿ ಹೇಳಿ, ಸೋದರಮಾವನ್ನ ದಾರಿ ತಪ್ಪಿಸಿಬಿಟ್ಟಳಲ್ಲಾ!"

ಗಂಗಾ ಹೊಟ್ಟೆ ಹಿಡಿದು ನಕ್ಕಳು. ಅಜ್ಜ ಕುಂಟು ಕುದುರೆಯ ಪಲ್ಟಾ ಗುನುಗುತ್ತ, ಬಸ್‌ಸ್ಟ್ಯಾಂಡಿನ ದಾರಿ ಬಿಟ್ಟು ಮೆಣಸಿನಕಾಯಿ ಪ್ಯಾಟಿಯ ಕಡೆ ನಡೆದಿದ್ದ. ಶಶಿಕಾಂತ "ಮಾವಾ, ಈ ಕಡಿ, ಈ ಕಡಿ!" ಎಂದು ಕೂಗುತ್ತ ಹಿಂದೆ ಓಡಿದ. ಗಂಗಾ ಅದನ್ನು ಪೂರ್ತಿ ನೋಡಲು ನಿಲ್ಲಲಿಲ್ಲ. ಹೊಸ ಕಂಬಳಿಯ ಮೇಲೆ ಕೂತು, ಮೀನು ಹೇಗೆ ನಗಬಹುದೆಂದು ಒಂದೊಂದೇ ಪಟ್ಟಿ ಒತ್ತಿ ಹುಡುಕತೊಡಗಿದ್ದಳು.